ಪೈಪಿನೊಳಗಿನ ಗಂಟು

"ಏನ್ರೀ ಟೀಚರಮ್ಮ, ಮೂಳೆ ಮುಳ್ಳೆಲ್ಲ ಬಚ್ಚಲಿಗೆ ಸುರಿದ್ಬಿಟ್ಟು, ನೀರು ಹೋಗ್ತಿಲ್ಲ, ರಿಪೇರಿ ಮಾಡ್ಸಿ ಅಂತ ನನ್ ಹತ್ರ ಬರ್ತೀರಾ?" ಮನೆ ಮಾಲೀಕ ವರದರಾಜರ ಕೂಗಿಗೆ ಗೌರಿಬಿದನೂರಿನ ಆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅವರಿಗೆ ಬೇಕಾಗಿದ್ದದ್ದೂ ಅದೇ. ಮಹಡಿಯಲ್ಲಿ ತಾವು, ಕೆಳಗೆ ಬಾಡಿಗೆಗೆ ಅಮೃತ ಟೀಚರ್. ಎರಡೂ ಬಚ್ಚಲಿಗೆ ಒಂದೇ ಪೈಪು. ಈ ತಿಂಗಳಲ್ಲಿ ಇದು ಮೂರನೆಯ ದೂರು, ಪ್ಲಂಬರ್‌ನ ಮೊಬೈಲ್ ಬೇರೆ ಸ್ವಿಚಾಫ್.

"ನಾವೇನೂ ಹಾಕಿಲ್ಲ ಸಾರ್, ಎಷ್ಟ್ ಸಲ ಹೇಳ್ಬೇಕು?" ಅಮೃತಳ ದನಿಯೂ ಏರಿತು.

"ನೋಡೇಬಿಡಣ. ಎಲ್ಲಾರೂ ನೋಡ್ರಪ್ಪ!" ವರದರಾಜರು ಪಂಚೆ ಎತ್ತಿ ಕಟ್ಟಿ, ಬರಿಮೈಯಲ್ಲೇ ಕುಕ್ಕರಗಾಲಲ್ಲಿ ಕೂತು, ಮನೆ ಮುಂದಿನ ಪೈಪಿನ ಬಾಯಿಗೆ ಕೊಕ್ಕೆ ತಂತಿ ತುರುಕಿ, ಹಲ್ಲು ಕಚ್ಚಿ ಎಳೆದರು. ಭರ್ರನೆ ಕೊಳೆನೀರು ನುಗ್ಗಿತು. ಕೊಕ್ಕೆಯ ತುದಿಗೆ ಒಂದು ಕಪ್ಪು ಗಂಟು ಸಿಕ್ಕಿಕೊಂಡಿತ್ತು. ಅದರಲ್ಲಿ ಮೂಳೆಯಿರಲಿಲ್ಲ, ಮುಳ್ಳಿರಲಿಲ್ಲ. ನೀರು ಸೋರಿದಂತೆ ಎಳೆಗಳು ಬಿಡಿಬಿಡಿಯಾಗಿ ಕಂಡವು. ಪ್ರತಿ ನೂಲಹುಣ್ಣಿಮೆಗೂ ಹೊಸದು ಹಾಕಿಕೊಂಡು, ಹಳೆಯದನ್ನು ಹರಿಯುವ ನೀರಿಗೆ ಬಿಡುವ ಬದಲು ವರದರಾಜರು ಬಚ್ಚಲ ನೀರಿಗೇ ಬಿಟ್ಟಿದ್ದ ನಾಲ್ಕಾರು ವರ್ಷಗಳ ಜನಿವಾರಗಳು.

"ಹೇಳಿ ಸಾರ್," ಅಮೃತ ಒಂದು ಹೆಜ್ಜೆ ಮುಂದೆ ಬಂದಳು. "ಆಗ ಕೂಗಿದ್ರಲ್ಲ, ಅಷ್ಟೇ ಜೋರಾಗಿ ಹೇಳಿ. ಯಾರ ಮನೇದು ಇದು?"

ಇಡೀ ಬೀದಿ ಕಾಯುತ್ತಿತ್ತು. ಹೊಲಸು ಮೆತ್ತಿದ ವರದರಾಜರ ಕೈ ತಾನಾಗಿಯೇ ಎದೆಯ ಮೇಲಿನ ಬಿಳಿಯ ಹೊಸ ದಾರವನ್ನು ಮುಚ್ಚಿಕೊಂಡಿತು.