ಶಾಲಿನ ಬಣ್ಣ

ಬೆಳಿಗ್ಗೆ ಆರಕ್ಕೆ ಹಾಲಿನ ಸಂಘದ ಗೋಡೆಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅಧ್ಯಕ್ಷ ದೇವರಾಜಣ್ಣ ಹಳದಿ ಶಾಲು ಹೊದ್ದು ಕೈಮುಗಿದು ನಿಂತಿದ್ದ. ಮೇಲೆ 'ನಿಮ್ಮ ಸೇವೆಗೆ ಸದಾ ಸಿದ್ಧ' ಎಂಬ ದಪ್ಪಕ್ಷರ. ಅವನ ಗುಂಪಿನದು ಹಸಿರು ಶಾಲು. ಹಳದಿ ಏನಿದ್ದರೂ ಎದುರಾಳಿ ಗಂಗಹನುಮಯ್ಯನ ಗುಂಪಿನದು. ಸಂಘದ ಚುನಾವಣೆಗೆ ಇನ್ನು ಎಂಟೇ ದಿನ. ಹಾಲು ಹಾಕಲು ಬಂದ ಕೈಲಾಂಚ ಊರಿನ ಜನ ಕ್ಯಾನು ಇಳಿಸುವುದನ್ನೂ ಮರೆತು ನೋಡುತ್ತ ನಿಂತರು.

ಆ ಫ್ಲೆಕ್ಸ್ ಮಾಡಿಕೊಟ್ಟವಳು ಜ್ಯೋತಿಲಕ್ಷ್ಮಿ. ಅವಳ ಡಿಟಿಪಿ ಅಂಗಡಿ ಇರುವುದು ಸಂಘದ ಮಳಿಗೆಯಲ್ಲಿ. ದೇವರಾಜಣ್ಣ ಹುಬ್ಬು ಗಂಟಿಕ್ಕಿದರೆ ಸಾಕು, ನಾಳೆಯೇ ಖಾಲಿ ಮಾಡಬೇಕು. ತಪ್ಪು ಎಲ್ಲಿ ಆಗಿರಬಹುದೆಂಬ ಅನುಮಾನ ಅವಳಿಗಿತ್ತು. ಮೊನ್ನೆ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಾಗಿನಿಂದ ಮಾನಿಟರಿನಲ್ಲಿ ಎಲ್ಲರ ಮುಖವೂ ಪಾಚಿಗಟ್ಟಿದಂತೆ ಕಾಣುತ್ತಿತ್ತು. ಕಾರ್ಡ್ ಹಾಕಿದ ರಾಮನಗರದ ಲೋಕೇಶ್ ಫೋನಿನಲ್ಲೇ ಡ್ರೈವರ್ ಬದಲಿಸಿ ಎಂದ, ಸೆಟ್ಟಿಂಗ್ ನೋಡಿ ಎಂದ, ಕೊನೆಗೆ ಎರಡು ದಿನ ಹೋದರೆ ಕಣ್ಣೇ ಒಗ್ಗಿಕೊಳ್ಳುತ್ತದೆ ಎಂದುಬಿಟ್ಟ. ಏನೇ ಆದರೂ ಶಾಲು ಮಾತ್ರ ಪರದೆಯ ಮೇಲೆ ಹಸಿರಾಗಿಯೇ ಇತ್ತು. ನಾಲ್ಕು ಸಲ ನೋಡಿದ ಮೇಲೆಯೇ ಅವಳು ಫೈಲನ್ನು ಪ್ರೆಸ್ಸಿಗೆ ಕಳಿಸಿದ್ದು.

ಅಷ್ಟರಲ್ಲಿ ದೇವರಾಜಣ್ಣ ಅಂಗಡಿಗೆ ಬಂದ. ಬಿಚ್ಚಿದ ಫ್ಲೆಕ್ಸ್ ಸುರುಳಿಯಾಗಿ ಕಂಕುಳಲ್ಲಿತ್ತು. ಅವನು ಕೂಗಾಡಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

"ಈ ಫೋಟೋ ಯಾರು ಕೊಟ್ಟಿದ್ದವ್ವ?"

"ನಿಮ್ಮ ಬಾಮೈದ ದೀಪು ವಾಟ್ಸಾಪ್ ಮಾಡಿದ್ರು ಅಣ್ಣ. ನನ್ನ ಕಂಪ್ಯೂಟರ್ ಒಸಿ ಕೈಕೊಟ್ಟೈತೆ, ಬಣ್ಣ ಸರಿಯಾಗಿ..."

"ಕಂಪ್ಯೂಟರಾ?" ಅವನ ಮುಖ ತಟ್ಟನೆ ಅರಳಿತು. "ಊಂ, ಕಂಪ್ಯೂಟರ್‌ದೇ ಕಣವ್ವ. ಅಂಗಂತ ಬರ್ದು ಸೈನ್ ಹಾಕ್ಕೊಡು."

ಒಂದೊಂದು ಪದವನ್ನೂ ತೂಗಿ ಬರೆಯುವುದು ಅವಳ ಅಭ್ಯಾಸ. 'ಬಣ್ಣದ ತಪ್ಪು ನಮ್ಮ ಕಂಪ್ಯೂಟರಿನದು. ಅಧ್ಯಕ್ಷರಿಗೂ ಈ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ' ಎಂದು ಬರೆದು ಸಹಿ ಹಾಕಿದಳು. ಅವನು ತಾನೇ ಅದನ್ನು ಸಂಘದ ಗೋಡೆಗೆ ಅಂಟಿಸಿದ. ಫ್ಲೆಕ್ಸನ್ನು ಹರಿದುಹಾಕಲೇ ಎಂದು ಅವಳು ಕೇಳಿದ್ದಕ್ಕೆ, "ಬ್ಯಾಡ, ಮಡಗಿರು" ಎಂದು ಹೊರಟುಹೋದ.

ಆ ದಿನವೆಲ್ಲ ಬಂದವರು ಅವಳಿಗೆ ಕಣ್ಣಿನ ಡಾಕ್ಟರ ವಿಳಾಸ ಹೇಳಿದ್ದೇ ಹೇಳಿದ್ದು. ತಡೆಯಲಾರದೆ ಸಂಜೆ ಅವಳೇ ಮಾನಿಟರಿನ ಕೇಬಲ್ ಕಿತ್ತು ನೋಡಿದಳು. ಅದರ ತುದಿಯ ಪಿನ್ನುಗಳ ಸಾಲಿನಲ್ಲಿ ಒಂದು ಸೊಟ್ಟಗೆ ಮಲಗಿತ್ತು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ ತೆಗೆದು ಮೆಲ್ಲಗೆ ನೆಟ್ಟಗೆ ಮಾಡಿ ಮತ್ತೆ ಚುಚ್ಚಿದಳು. ಕಳೆದುಹೋಗಿದ್ದ ಕೆಂಪು ಒಮ್ಮೆಲೇ ಪರದೆಗೆ ಮರಳಿತು. ಮುಖಗಳಿಗೆ ಜೀವ ಬಂತು. ದೀಪು ಕಳಿಸಿದ್ದ ಮೂಲ ಫೋಟೋ ತೆರೆದಳು. ಶಾಲು ಹಳದಿಯಾಗಿತ್ತು. ಹಸಿರಿನ ಒಂದೆಳೆಯೂ ಅದರಲ್ಲಿರಲಿಲ್ಲ. ಕೆಂಪು ಸತ್ತ ಪರದೆಯಲ್ಲಿ ಹಳದಿ ಹಸಿರಾಗಿ ಕಂಡಿತ್ತು, ಅಷ್ಟೆ. ದೇವರಾಜಣ್ಣ ಹಳದಿ ಹೊದ್ದೇ ಫೋಟೋ ತೆಗೆಸಿಕೊಂಡಿದ್ದ.

ಯಾರಿಗಾದರೂ ಹೇಳೋಣವೆಂದು ಫೋನು ಕೈಗೆತ್ತಿಕೊಂಡಳು. ಮೇಜಿನ ಮೇಲಿದ್ದ ಮಳಿಗೆಯ ಬೀಗದ ಕೈ ಕಣ್ಣಿಗೆ ಬಿತ್ತು. ಫೋನು ಕೆಳಗಿಟ್ಟಳು.

ಐದನೆಯ ದಿನ ಗಂಗಹನುಮಯ್ಯನ ಸ್ಕೂಟರಿನ ಹಿಂದೆ ಕೂತು ದೇವರಾಜಣ್ಣ ಬಂದಿಳಿದ. ಹೆಗಲ ಮೇಲೆ ಹಳದಿ ಶಾಲಿತ್ತು.

"ಆ ಫ್ಲೆಕ್ಸ್ ಕೊಡವ್ವ, ಕಟ್ಟುಸ್ಬೇಕು."

"ಬಣ್ಣ...?"

"ಬಣ್ಣಕ್ಕೇನಾಗೈತೆ? ಚೆಂದಾಗೈತೆ."

ಫ್ಲೆಕ್ಸ್ ಮೊದಲಿದ್ದ ಜಾಗಕ್ಕೇ ಏರಿತು. ಅದರ ಕೆಳಗೆ ಅವಳ ಸಹಿಯ ಚೀಟಿ ಇನ್ನೂ ಹಾಗೆಯೇ ಅಂಟಿಕೊಂಡಿತ್ತು. ಜ್ಯೋತಿಲಕ್ಷ್ಮಿ ಅದನ್ನು ಕೀಳಲು ಉಗುರು ಹಾಕುತ್ತಿದ್ದಳು. ಪಕ್ಕದಲ್ಲಿ ಕ್ಯಾನು ಇಳಿಸುತ್ತಿದ್ದ ಮುದುಕಿ ಮಾರಕ್ಕ ತಡೆದಳು.

"ಇರ್ಲಿ ಬುಡವ್ವ. ಊರಲ್ಲಿ ಒಬ್ರಾದ್ರೂ ತಪ್ಪು ಒಪ್ಕೊಂಡವ್ರೆ ಅಂತಾಗ್ಲಿ."