ನಮ್ಮ ಕಡೆಯವರು

"ಅವನು ಹೊರಗೆ ಬರಕೂಡದು, ಅಷ್ಟೇ!"

ವಿಶಾಖಪಟ್ಟಣದಲ್ಲಿ ರೈಲು ಹೊರಡುವ ಮೊದಲೇ ದಕ್ಷಿಣಾಮೂರ್ತಿ ಪತ್ರಿಕೆಯನ್ನು ಮಡಚಿ ಸೀಟಿಗೆ ಬಡಿದರು. ಬಾಂಬಿಟ್ಟು ಜೈಲು ಸೇರಿದವನು ಈಗ ಸಾಯುತ್ತಿದ್ದಾನಂತೆ, ದಯೆ ತೋರಿ ಬಿಡಬೇಕಂತೆ. ಆ ಬಾಂಬಿನ ಮೊಳೆಯೊಂದು ಇವರ ತೊಡೆಯಲ್ಲಿ ಇನ್ನೂ ಬಿಡಾರ ಹೂಡಿತ್ತು. ಅವನ ಮುಖ ನೋಡಿದರೂ ಪಾಪ ಎಂದು ಒಂದು ದಿನವೂ ಕೋರ್ಟಿನತ್ತ ಸುಳಿದವರಲ್ಲ. ಇಂದು ಮಾತ್ರ ಹೊರಟಿದ್ದರು, ವಿಜಯವಾಡದಲ್ಲಿ ಬಿಡುಗಡೆ ಸಮಿತಿಯ ಮುಂದೆ ಆಕ್ಷೇಪ ಹೇಳಲು.

"ಸರಿಯಾಗಿ ಹೇಳಿದ್ರಿ. ಅವನು ಮಾಡಿದ್ದು ಮಹಾಪಾಪ," ಎಂದರು ಎದುರು ಸೀಟಿನ ಮುದುಕರು.

ಕನ್ನಡ! ದ್ವಾರಕಾ ನಗರದ ಬ್ಯಾಂಕಿನಲ್ಲಿ ತೆಲುಗು ಕೇಳಿ ಕೇಳಿ ದಣಿದಿದ್ದ ದಕ್ಷಿಣಾಮೂರ್ತಿಯವರ ಕೋಪ ಬೆಣ್ಣೆಯಂತೆ ಕರಗಿತು. ಹೆಸರು ಕೇಳಲಿಲ್ಲ. ಪರವೂರಿನಲ್ಲಿ ಕನ್ನಡಿಗ ಮೊದಲು ಕೇಳುವುದು ಅದಲ್ಲ.

"ಯಾವೂರು ತಮ್ದು?"

"ತಿಪಟೂರು."

"ಅಯ್ಯೋ, ನಮ್ಮ ತುರುವೇಕೆರೆ ಪಕ್ಕ!"

ತಕ್ಷಣ ಬುತ್ತಿ ಬಿಚ್ಚಿದರು. ಮುದುಕರು ಮೂಳೆಚಕ್ಕಳವಾಗಿದ್ದರು. ಆಚೀಚೆ ಇಬ್ಬರು ಗಟ್ಟಿಮುಟ್ಟಾದ ಮಕ್ಕಳು. ಅವರಿಗೆ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಇಲ್ಲೇ ಹುಟ್ಟಿ ಬೆಳೆದವರ ಹಣೆಬರಹವೇ ಅಷ್ಟು. ಆದರೆ ಎಂಥ ಪಿತೃಭಕ್ತಿ! ಒಬ್ಬನಂತೂ ಶಾಲಿನೊಳಗೆ ಹಿಡಿದ ಅಪ್ಪನ ಎಡಗೈಯನ್ನು ಬಿಡಲೇ ಇಲ್ಲ. ಶೌಚಾಲಯಕ್ಕೂ ಇಬ್ಬರೂ ಜೊತೆಗೇ ಹೋದರು. ದಕ್ಷಿಣಾಮೂರ್ತಿಯವರ ಕಣ್ಣು ಒದ್ದೆಯಾಯಿತು.

"ಅವನಿಗೆ ಹೋಗೋಕೆ ಮನೇನೇ ಇಲ್ವಂತೆ," ಎಂದರು ಚಿತ್ರಾನ್ನ ಬಡಿಸುತ್ತ. "ಇಟ್ಕೊಳ್ಳೋರು ಯಾರಾದ್ರೂ ಸಿಕ್ಕಿದ್ರೇನೇ ಬಿಡೋದು. ಯಾವ ಪುಣ್ಯಾತ್ಮ ಇಟ್ಕೊಳ್ತಾನೆ?"

"ಯಾರೂ ಇಲ್ಲ." ಮುದುಕರು ನಿಧಾನವಾಗಿ ಉಂಡರು. "ಈ ರುಚಿ ಕಂಡು ಎಷ್ಟೋ ವರ್ಷ ಆಯ್ತು."

"ಹಾಗಂದ್ರೆ ಹೇಗೆ? ವಿಜಯವಾಡದ ಬೆಂಜ್ ಸರ್ಕಲ್ ಹತ್ರಾನೇ ನಮ್ಮನೆ, ನೌಕರಿಗೆ ಮಾತ್ರ ನಾನು ವಿಶಾಖಪಟ್ಟಣದಲ್ಲಿರೋದು. ಬಂದುಬಿಡಿ. ನನ್ನ ಹೆಂಡ್ತಿ ದುರ್ಗಾಂಬ ತಿಳಿಸಾರು ಅನ್ನ ಮಾಡಿ ಹಾಕ್ತಾಳೆ."

"ನಾನು ಬಹಳ ದಿನ ಇರೋನಲ್ಲ. ನಿಜವಾಗ್ಲೂ ಬರ್ಬಹುದಾ?"

"ಇರೋವಷ್ಟು ದಿನ ಇರಿ! ಆಡಿದ ಮಾತಿಗೆ ತಪ್ಪೋ ಜನ ಅಲ್ಲ ನಾವು."

ಮಕ್ಕಳಿಗೂ ಅರ್ಥವಾಗಲೆಂದು ಅದನ್ನೇ ತೆಲುಗಿನಲ್ಲಿ ಹೇಳಿದರು. ಒಬ್ಬ ವಿಳಾಸವನ್ನು ಫೋನಿನಲ್ಲಿ ಬರೆದುಕೊಂಡ.

ಮಧ್ಯಾಹ್ನ ಸಮಿತಿಯ ಬಾಗಿಲಿನಲ್ಲಿ ಮೆಟಲ್ ಡಿಟೆಕ್ಟರ್ ತೊಡೆಯ ಮೊಳೆಗೆ ಕಿರ್ರೆಂದಿತು. ದಕ್ಷಿಣಾಮೂರ್ತಿ ಎದೆಯುಬ್ಬಿಸಿಕೊಂಡು ಒಳಗೆ ನಡೆದರು.

"ಕೈದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಕೊನೆಗೂ ಸಿಕ್ಕಿದ್ದಾರೆ," ಎಂದರು ಅಧ್ಯಕ್ಷರು.

"ಯಾರು ಸಾರ್ ಆ ಮುಟ್ಠಾಳ?" ದಕ್ಷಿಣಾಮೂರ್ತಿ ಗುಡುಗಿದರು.

ಮೂಲೆಯ ಬೆಂಚಿನಲ್ಲಿದ್ದ ತಿಪಟೂರಿನವರು ಶಾಲಿನಿಂದ ಎಡಗೈ ಹೊರತೆಗೆದು, ಬೇಡಿಯ ಇನ್ನೊಂದು ತುದಿಯಲ್ಲಿದ್ದ ಪೊಲೀಸ್ ‘ಮಗ’ನ ಕೈಯನ್ನೂ ಜೊತೆಗೆ ಎಳೆದುಕೊಂಡು, ಸಂಕೋಚದಿಂದ ದಕ್ಷಿಣಾಮೂರ್ತಿಯವರತ್ತ ಬೆರಳು ಮಾಡಿದರು.