ಬೊಟ್ಟು ಮಾಡಿದ ಮಿಡಿ

ಸೊಲ್ಲಾಪುರದ ಮಾಳಿಗೆಯ ಮೇಲೆ ಕುಂಬಳದ ಜಾತಿಯ ಝುಕಿನಿಯ, ಬುಡದಲ್ಲಿ ಮಿಡಿಯಿಲ್ಲದ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಕಾಯಿ ಕಟ್ಟಿಸುವಾಗ ಈಗಲೂ ನನ್ನ ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಚಿಕ್ಕವಳಿದ್ದಾಗ ಹನ್ನೂರಿನ ನಮ್ಮ ಹಿತ್ತಿಲಲ್ಲಿ, ಕಾಕಾ ಪುಣೆಯಿಂದ ತಂದ ಇದೇ ಝುಕಿನಿಯ ಬೀಜ ಊರಿ ದಿನವೂ ನೀರು ಹಾಕಿದವಳು ನಾನು. ಮೊದಲ ಮಿಡಿ ಕಂಡಾಗ ಅಜ್ಜಿಯನ್ನು ಕರೆದು ಬೊಟ್ಟು ಮಾಡಿ ತೋರಿಸಿದ್ದೆ. ನಾಲ್ಕೇ ದಿನಕ್ಕೆ ಅದು ತುದಿಯಿಂದ ಕೊಳೆಯಿತು. ಆಮೇಲೆ ಬಂದವೂ ಹಾಗೆಯೇ ಮೆತ್ತಗಾಗಿ ಉದುರಿದವು.

“ಮಿಡಿಗೆ ಬಟ್ಟ ಮಾಡಿದ್ರ ಕೊಳೀತದ ಅಂತ ಎಷ್ಟ ಸಲ ಹೇಳಬೇಕ ನಿನಗ?” ಎಂದಳು ಅಜ್ಜಿ.

“ಉಳಿದವಕ್ಕ ನಾ ಬಟ್ಟ ಮಾಡೇ ಇಲ್ಲ.”

“ಸುಳ್ಳ ಹೇಳಬ್ಯಾಡ.”

ಸಿಟ್ಟಿಗೆ ನನಗೆ ಅಳುವೂ ಬರಲಿಲ್ಲ. ಅವಳ ಬುಟ್ಟಿಯಲ್ಲಿ ಪೂಜೆಗೆಂದು ಕೊಯ್ದ ಅದೇ ಗಿಡದ ಹಳದಿ ಹೂಗಳಿದ್ದವು.

“ನನ್ನ ನೋಡು. ಕಾಯಿ ಹಿಡಿಯೋ ಹೂವಿಗೆ ಕೈ ಸುದ್ದಾ ಹಚ್ಚಂಗಿಲ್ಲ. ಬರೇ ಬುಡಕ್ಕ ಮಿಡಿ ಇಲ್ಲದ ಗೊಡ್ಡ ಹೂವ ಹರೀತೀನಿ. ದಿನಾ, ಒಂದೂ ಬಿಡದ,” ಎಂದು ಅಜ್ಜಿ ದೇವರ ಮುಂದೆ ಕುಳಿತಳು.